ಗಂಜಿ ಹಾಕಿದ ಗಾಜು

ಕೊಲ್ಹಾಪುರ
೧೪ ಜೂನ್ ೧೯೮೫

ಪ್ರೀತಿಯ ರಾಯವ್ವಕ್ಕನಿಗೆ ಯಮುನಾಳ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಕೆಲಸದ ಮಾತು. ನಿಮ್ಮ ಓಣಿಯ ತುದಿಯಲ್ಲಿ ಸಿನೆಮಾ ಥೇಟರಿಗೆ ನಿಯಾನ್ ದೀಪದ ಬೋರ್ಡು ಮಾಡಿಕೊಡುವ ಪದ್ಮಕುಮಾರ ಅಂತ ಇದ್ದಾರಲ್ಲ, ಗಾಜಿನ ನಳಿಕೆ ಕಾಯಿಸಿ ಅಕ್ಷರದ ಹಾಗೆ ಬಗ್ಗಿಸುವವರು, ಅವರಿಂದ ನನಗೊಂದು ಉಪಕಾರ ಆಗಬೇಕು. ದಪ್ಪ ಗೋಡೆಯ ಗಾಜಿನ ನಳಿಕೆಯನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ ಎರಡೂ ಕಡೆಯಿಂದ ಜಗ್ಗಿದರೆ ಅದು ಕೂದಲಿನಷ್ಟು ಸಣ್ಣಗಾಗುತ್ತದೆ. ಒಳಗಿನ ತೂತು ಮುಚ್ಚುವುದಿಲ್ಲ, ಅದೂ ಸಣ್ಣಗಾಗುತ್ತದೆ ಅಷ್ಟೆ. ಅಂಥ ಗಾಜಿನ ಎಳೆ, ಒಂದೊಂದೂ ಮಾರುದ್ದ, ಒಂದು ಕಟ್ಟು ಬೇಕು. ಪರದೇಶದಿಂದ ತರಿಸಲು ಹೋದರೆ ಬರುವಷ್ಟರಲ್ಲಿ ನನ್ನ ತಲೆ ಹಣ್ಣಾಗುತ್ತದೆ.

ಯಾಕೆ ಬೇಕು ಅಂತ ನೀನು ಕೇಳಿಯೇ ಕೇಳುತ್ತೀ. ಎಳೆಯೊಳಗೆ ಚೂರು ಉಪ್ಪು ಕರಗಿಸಿದ ನೀರು ತುಂಬಿ, ಎರಡು ತುದಿಗಳನ್ನು ಎರಡು ಬಟ್ಟಲಲ್ಲಿ ಅದ್ದಿ, ಬಟ್ಟಲುಗಳಿಗೆ ಸಾವಿರಾರು ವೋಲ್ಟಿನ ಕರೆಂಟು ಕೊಡುತ್ತೇನೆ. ಒಂದು ತುದಿಯಲ್ಲಿ ಬೆರಕೆ ಬಣ್ಣ ಬಿಟ್ಟರೆ, ಒಂದೊಂದು ಬಣ್ಣವೂ ತನ್ನ ವೇಗದಲ್ಲಿ ಓಡಿ ದಾರಿಯಲ್ಲೇ ಬೇರೆಯಾಗಬೇಕು. ಇದಕ್ಕೆ ಇಲೆಕ್ಟ್ರೊಫೊರೆಸಿಸ್ ಅನ್ನುತ್ತಾರೆ. ದೊಡ್ಡ ನಳಿಕೆಯಲ್ಲಿ ಮಾಡಿದರೆ ಕರೆಂಟಿಗೆ ನೀರು ಕಾದು ಎಲ್ಲ ಕಲಕಿಹೋಗುತ್ತದೆ. ಕೂದಲಿನಷ್ಟು ಸಣ್ಣ ನಳಿಕೆಯಲ್ಲಿ ಕಾವು ಗೋಡೆ ದಾಟಿ ಹೊರಗೆ ಹೋಗುತ್ತದೆ.

ದಸರೆಯೊಳಗೆ ಇದನ್ನು ಮಾಡಿ ತೋರಿಸಬೇಕು. ತೋರಿಸದಿದ್ದರೆ ನನ್ನ ಸಂಶೋಧನೆಯ ಸೀಟು ಬೇರೆಯವರಿಗೆ ಅಂತ ನನ್ನ ಗೈಡ್ ಸರ್ ನೇರವಾಗಿ ಹೇಳಿದ್ದಾರೆ. ಅಪ್ಪನ ವಿಚಾರ ನಿನಗೆ ಗೊತ್ತು. ಗಡಹಿಂಗ್ಲಜದಲ್ಲಿ ಕಾಲೇಜು ನಡೆಸುವ ಅಣ್ಣಾಸಾಹೇಬರಿಗೆ 'ದಸರೆಯಾದ ಮೇಲೆ ಹುಡುಗಿ ಬಂದು ನೌಕರಿಗೆ ಸೇರತಾಳ್ರಿ' ಅಂತ ನಮ್ಮೂರು ಸುಳಕೂಡದಿಂದಲೇ ಮಾತು ಕೊಟ್ಟು ಕೂತಿದ್ದಾನೆ. ನಾನು ಹೋಗುವವಳಲ್ಲ. ಇದು ಆಗುತ್ತದೆ, ನೋಡುತ್ತಿರು.

ನಿನ್ನ ಯಜಮಾನರು ಗುರಣ್ಣ ದಾಜಿಯವರಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ.

ಯಮುನಾ


ಇಚಲಕರಂಜಿ
೨೬ ಜೂನ್ ೧೯೮೫

ಯಮುನಾಗ ಅಕ್ಕನ ಆಶೀರ್ವಾದ.

ಇಲ್ಲಿ ಮನ್ಯಾಗ, ಮಗ್ಗದಾಗ, ಸಂತ್ಯಾಗ ಎಲ್ಲಾ ಮರಾಠಿ. ಕನ್ನಡ ಅನ್ನೂದ ನಿನಗ ಕಾಗದ ಬರಿಯೂದರಾಗ ಅಷ್ಟ ಉಳದೈತಿ, ತಪ್ಪ ಹುಡುಕಬ್ಯಾಡ. ಶಾಲಿಗೆ ನಾ ಹೋದದ್ದ ಎಷ್ಟ ಅಂತ ನಿನಗ ಗೊತ್ತೈತಿ.

ನಿನ್ನ ಕೆಲಸ ಆತು. ಪದ್ಮಕುಮಾರ ಮೊದಲ ನಕ್ಕ. 'ಏ ವೈನಿ, ನಾ ಬೋರ್ಡ್ ಮಾಡಾಂವ, ಶಾವಿಗಿ ಮಾಡಾಂವಲ್ಲ' ಅಂದ. ನಾ ಬಿಡಲಿಲ್ಲ. ಆಮ್ಯಾಲ ಅವ ನಳಿಗಿ ಕಾಸಿ ಕೆಂಪಗ ಮಾಡಿ ಒಂದ ತುದಿ ಹಿಡಕೊಂಡ ನಿಂತ, ಇನ್ನೊಂದ ತುದಿ ನಮ್ಮನಿಯವರ ಕೈಗೆ ಕೊಟ್ಟು 'ಪಳಾ!' ಅಂದ. ನಮ್ಮನಿಯವರು ಅಂಗಡಿಯಿಂದ ಓಣ್ಯಾಗ ಓಡಿದ್ರು ನೋಡು! ಬೆನ್ನಿಂದ ಗಾಜ ಬಿಸಲಾಗ ಜೇಡರ ಬಲಿ ಹಂಗ ಮಿಂಚಕೋತ ಬಂತು. ಎದರಿಗೆ ಬಂದ ಎಮ್ಮಿ ಬೆದರಿ ತಿರುಗಿ ನಿಂತು. ಮೂರನೇ ಸಲಕ್ಕ ನಾನ ಓಡೇನಿ, ನಮ್ಮನಿಯವರಿಗಿಂತ ನನ್ನ ಎಳಿ ಸಣ್ಣ ಬಂತು. ಬೇಕಾದ್ರ ಅಳದ ನೋಡು.

ದಿನಾ ಕಂಡಿಕಿಗೆ ನೂಲ ಸುತ್ತು ಕೈ ನಂದು, ನೂಲ ಅಂದ್ರ ನನಗ ಗೊತ್ತು. ನಿನ್ನ ಗಾಜಿನ ನೂಲ ಒಂದಿಷ್ಟ ಹೆಚ್ಚ ಕಳಸ್ತೇನಿ ತಗೋ, ಗಂಜಿ ಹಾಕಿ ಮಗ್ಗಕ್ಕ ಏರಿಸಿ ನಿನಗೊಂದ ಸೀರಿ ನೇಯ್ಸೂಣಂತ. ಉಟಗೊಂಡ ನಿಮ್ಮ ಸರ್ ಮುಂದ ನಿಂದ್ರು. ಸೀಟ ಹೆಂಗ ಕಸಗೋತಾರ ನೋಡೂಣು.

ಆ ಸಾವಿರಾರು ವೋಲ್ಟ್ ಅಂದ್ಯಲ್ಲ, ಅದನ್ನ ಅಪ್ಪಗ ಹೇಳಬ್ಯಾಡ. ನನಗೂ ಹೇಳಬಾರದಿತ್ತು. ಮುಟ್ಟಿಗಿಟ್ಟೀ.

ರಾಯವ್ವ


ಕೊಲ್ಹಾಪುರ
೧೨ ಜುಲೈ ೧೯೮೫

ಅಕ್ಕಾ, ಆಯಿತು! ಆಯಿತು ಅಂದರೆ ಆಯಿತು!

ಎಳೆಯ ಒಂದು ತುದಿ ಪ್ಲಸ್ ಬಟ್ಟಲಲ್ಲಿ, ಇನ್ನೊಂದು ತುದಿ ಮೈನಸ್ ಬಟ್ಟಲಲ್ಲಿ. ಪ್ಲಸ್ ತುದಿಯಿಂದ ಎರಡು ಬಣ್ಣ ಬೆರೆಸಿ ಬಿಟ್ಟೆ, ಒಂದು ಕಿತ್ತಳೆ, ಒಂದು ಹಸಿರು. ಮೈನಸ್ ತುದಿಯ ಹತ್ತಿರ ಒಂದು ಕಡೆ ದೀಪ ಇದೆ. ಬಣ್ಣ ಅಲ್ಲಿಗೆ ಬಂದಾಗ ಹೊಳೆಯುತ್ತದೆ, ಪಕ್ಕದ ಯಂತ್ರದ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತದೆ. ಮೊದಲು ಕಿತ್ತಳೆಯ ಗುಡ್ಡ ಬಂತು, ಸ್ವಲ್ಪ ಹೊತ್ತಿಗೆ ಹಸಿರಿನ ಗುಡ್ಡ. ನಡುವೆ ಸಪಾಟು ಬಯಲು. ಎರಡೂ ಸೂಜಿಯಂಥ ಗುಡ್ಡಗಳು. ನಾನು ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ.

ಇದರಲ್ಲಿ ಒಂದು ಚೋದ್ಯ ಇದೆ. ಕಿತ್ತಳೆ ಪ್ಲಸ್ ಬಣ್ಣ, ಅದು ಮೈನಸ್ ಕಡೆಗೆ ಓಡುವುದು ಸಹಜ. ಆದರೆ ಹಸಿರು ಮೈನಸ್ ಬಣ್ಣ. ಅದು ಪ್ಲಸ್ ಕಡೆಗೇ ಓಡಬೇಕು, ಹಿಂದಕ್ಕೆ. ಹಾಗಾದರೆ ಮೈನಸ್ ತುದಿಗೆ ಹೇಗೆ ಬಂತು? ತಂದದ್ದು ಒಳಗಿನ ನೀರು. ನೀರಿನಲ್ಲಿ ನೆನೆದ ಗಾಜಿನ ಗೋಡೆ ತಾನೇ ಮೈನಸ್ ಆಗುತ್ತದೆ. ಆಗ ನೀರಿನೊಳಗಿನ ಪ್ಲಸ್ ಕಣಗಳು ಗೋಡೆಗುಂಟ ಬಂದು ಸಾಲುಗಟ್ಟುತ್ತವೆ. ಕರೆಂಟು ಹಾಕಿದ ಕೂಡಲೇ ಆ ಸಾಲು ಮೈನಸ್ ತುದಿಯ ಕಡೆಗೆ ಹೊರಡುತ್ತದೆ, ಹೋಗುವಾಗ ಒಳಗಿನ ನೀರನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಹಿಂದಿನಿಂದ ತಳ್ಳುವ ಪಂಪು ಇಲ್ಲ, ಇಳಿಜಾರು ಇಲ್ಲ, ಗೋಡೆಯೇ ಹೊಳೆಯನ್ನು ನಡೆಸುತ್ತದೆ. ಹಸಿರು ಪಾಪ ಹಿಂದಕ್ಕೆ ನಡೆಯುತ್ತಲೇ ಇರುತ್ತದೆ. ಆದರೆ ನೀನು ಇಚಲಕರಂಜಿಯಲ್ಲಿ ಬಸ್ಸು ಹತ್ತಿ, ಬಸ್ಸಿನೊಳಗೆ ಹಿಂದಿನ ಸೀಟಿನ ಕಡೆಗೆ ನಡೆದರೂ ಇಳಿಯುವುದು ಕೊಲ್ಹಾಪುರದಲ್ಲೇ ಅಲ್ಲವೇ? ಹಾಗೆ.

ಪಂಚಗಂಗೆಯಲ್ಲಿ ನಡುನೀರು ಓಡುತ್ತದೆ, ದಂಡೆಯ ನೀರು ಹಿಂದೆ ಬೀಳುತ್ತದೆ. ಇಲ್ಲಿ ಎಳೆತ ಹುಟ್ಟುವುದೇ ದಂಡೆಯಲ್ಲಿ, ಆದ್ದರಿಂದ ಎಲ್ಲ ನೀರೂ ಒಂದೇ ಸಮ ಹೋಗುತ್ತದೆ. ಗುಡ್ಡ ಸೂಜಿಯಂತೆ ಇರುವುದು ಅದಕ್ಕೇ.

ಸರ್‌ಗೆ ನಿಜವಾಗಿ ಬೇಕಾದದ್ದು ಬಣ್ಣ ಅಲ್ಲ. ತತ್ತಿಯ ಬಿಳಿಯಲ್ಲಿ, ಹಾಲಿನಲ್ಲಿ ಇರುವ ಪ್ರೋಟೀನುಗಳನ್ನು ಹೀಗೆ ಬೇರೆ ಮಾಡಬೇಕು. ಅದನ್ನೂ ಒಮ್ಮೆ ಮಾಡಿ ನೋಡಿದೆ. ಅವು ಗಾಜಿನ ಗೋಡೆಗೆ ಅಂಟಿಕೊಂಡು ರಾಡಿಯಾದವು. ಇರಲಿ, ಅದು ಮುಂದಿನ ಮಾತು. ಮೊದಲು ಎರಡು ಬಣ್ಣ ತೋರಿಸಿದರೆ ಸೀಟು ಉಳಿಯುತ್ತದೆ.

ಕಷ್ಟ ಒಂದೇ. ಸರ್ ಪುಣೆಗೆ ಹೋಗಿದ್ದರು, ಏನನ್ನೂ ನೋಡಲಿಲ್ಲ. ನೀವು ಕಳಿಸಿದ ಕಟ್ಟಿನಲ್ಲಿ ಅರ್ಧ ಬಸ್ಸಿನಲ್ಲೇ ಮುರಿದಿತ್ತು, ಉಳಿದವು ನನ್ನ ಕೈಯಲ್ಲಿ ಮುರಿದವು. ಚಪ್ಪಾಳೆ ಹೊಡೆದ ಮರುದಿನ ಕೊನೆಯದೂ ಪಟಕ್ಕನೆ ಹೋಯಿತು. ಇನ್ನೊಂದು ಕಟ್ಟು ಕಳಿಸು ಅಕ್ಕಾ. ಅದೇ ಗಾಜು, ಅದೇ ಸಣ್ಣ ತೂತು. ಬೇಗ.

ಯಮುನಾ


ಇಚಲಕರಂಜಿ
೨೯ ಜುಲೈ ೧೯೮೫

ಯಮುನಾಗ ಆಶೀರ್ವಾದ.

ನಿನ್ನ ಬಸ್ಸಿನ ಮಾತ ತಿಳೀತು. ಉಳಿದದ್ದ ನಮ್ಮನಿಯವರಿಗೆ ಓದಿ ಹೇಳೇನಿ. ಅವರು ಹೂಂ ಹೂಂ ಅಂತ ಮಕ್ಕೊಂಡ್ರು.

ಹೊಸಾ ಕಟ್ಟ ಕಳಿಸೇನಿ. ಅದ ಗಾಜ, ಅದ ಪದ್ಮಕುಮಾರ, ಅದ ಓಣಿ. ಈ ಸಲ ಮುರಿಯಾಂಗಿಲ್ಲ. ಯಾಕಂದ್ರ ಗಂಜಿ ಹಾಕಿಸೇನಿ. ಹಸಿ ನೂಲ ಹಂಗ ಮಗ್ಗಕ್ಕ ಏರಿಸಿದ್ರ ಪಟಪಟ ಹೋಕ್ಕೈತಿ, ಗಂಜಿ ಉಣ್ಣಿಸಿ ಬಿಸಿ ಡ್ರಮ್ಮಿನ ಮ್ಯಾಲ ಒಣಗಿಸಿದ್ರ ಗಟ್ಟಿ ನಿಂದರ್ತೈತಿ. ಗಾಜಿಗೂ ಅದ ನ್ಯಾಯ. ನೂಲಿಗೆ ಗಂಜಿ ಹಾಕೂ ನಮ್ಮನಿಯವರ ಸೈಜಿಂಗ್ನಾಗ ಮಾಡಿಸಿದೆ. ಈಗ ಇವನ್ನ ಎಮ್ಮಿ ಮ್ಯಾಲ ಒಗದ್ರೂ ಏನೂ ಆಗಾಂಗಿಲ್ಲ. ಸೀರಿ ನೇಯ್ಯಾಕೂ ಬರ್ತೈತಿ.

ಅಣ್ಣಾಸಾಹೇಬರು ಬಂದಿದ್ರು. ಅವರ ಮಗ್ಗದ ನೂಲಿಗೂ ನಮ್ಮ ಸೈಜಿಂಗ್ನಾಗ ಗಂಜಿ ಆಕ್ಕೈತಲ್ಲ. 'ಯಮುನಾ ತಯಾರ ಅದಾಳೇನ?' ಅಂತ ಕೇಳಿದ್ರು. 'ದಸರಾ ಬರಲ್ರಿ' ಅಂದೆ. ಮನಶಾ ಛಲೋ ಅದಾನ. ಆದ್ರ ಭಾಳ ಗಡಬಡಿ.

ರಾಯವ್ವ


ಕೊಲ್ಹಾಪುರ
೪ ಆಗಸ್ಟ್ ೧೯೮೫

ಅಕ್ಕಾ, ಕಟ್ಟು ಮುಟ್ಟಿತು. ಒಂದೂ ಮುರಿದಿಲ್ಲ. ಈ ಸಲ ಯಾವ ಕಂಡಕ್ಟರನ ಕೈಯಲ್ಲಿ ಕೊಟ್ಟೆಯೋ, ಅವನಿಗೆ ಪುಣ್ಯ ಬರಲಿ.

ನಿನ್ನ ಚೇಷ್ಟೆ ಓದಿ ನಕ್ಕು ನಕ್ಕು ಸಾಕಾಯಿತು. ಗಂಜಿ ಹಾಕಿದ ಗಾಜಂತೆ! ರೂಮಿನ ಗೆಳತಿಯರಿಗೂ ಹೇಳಿದೆ. ಸೀರೆಗೆ ಅಂಚು ಮಾತ್ರ ಕೆಂಪಿರಲಿ. ಇನ್ನು ಹತ್ತು ದಿನ ನನಗೆ ಕಾಗದ ಬರೆಯಬೇಡ, ನಾನೂ ಬರೆಯುವುದಿಲ್ಲ. ಸರ್‌ಗೆ ತೋರಿಸಿ, ಗೆದ್ದು ಬರೆಯುತ್ತೇನೆ.

ಯಮುನಾ


ಕೊಲ್ಹಾಪುರ
೭ ಸೆಪ್ಟೆಂಬರ್ ೧೯೮೫

ಅಕ್ಕನಿಗೆ ನಮಸ್ಕಾರ.

ಹತ್ತು ದಿನ ಅಂದವಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬರೆಯುವಂಥದು ಏನೂ ಇರಲಿಲ್ಲ. ಹೊಸ ಎಳೆಗಳಲ್ಲಿ ಹಸಿರು ಬರುವುದೇ ಇಲ್ಲ. ಕಿತ್ತಳೆ ಒಂದೇ ಬರುತ್ತದೆ, ಅದೂ ಕುಂಟುತ್ತ. ಎಳೆ ಬದಲಿಸಿದೆ, ನೀರು ಬದಲಿಸಿದೆ, ವೋಲ್ಟು ಏರಿಸಿದೆ. ಸರ್ ಬಂದು ಕೂತರು, ಗಡಿಯಾರ ನೋಡಿದರು, 'ಯಮುನಾಬಾಯಿ, ಜುಲೈದಾಗ ನೀವು ನೋಡಿದ್ದು ಖರೇನ ಏನ್ರಿ?' ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಮಾತು ನನಗೆ ಕಪಾಳಕ್ಕೆ ಹೊಡೆದಂತೆ ಆಯಿತು.

ಇದು ಪದ್ಮಕುಮಾರನ ಕೆಲಸ. ನಿನ್ನ ಕಣ್ಣು ತಪ್ಪಿಸಿ ಯಾವುದೋ ಹಲ್ಕಾ ಗಾಜು ಹಾಕಿದ್ದಾನೆ. ಅದೇ ಗಾಜು ಅಂತ ನೀನು ನಂಬಿದ್ದೀ, ನಾನು ನಂಬುವುದಿಲ್ಲ. ಒಳ್ಳೆಯ ಗಾಜಿದ್ದರೆ ನಾನು ಗೆಲ್ಲುತ್ತಿದ್ದೆ. ಅವನಿಗೆ ಹೇಳು, ಬೋರ್ಡು ಮಾಡುವವನು ಬೋರ್ಡನ್ನೇ ಮಾಡಲಿ.

ದಸರೆ ಹತ್ತಿರ ಬಂತು. ಅಣ್ಣಾಸಾಹೇಬರು ಮತ್ತೆ ಸೈಜಿಂಗಿಗೆ ಬಂದಾಗ 'ಯಮುನಾ ಬರತಾಳ' ಅಂತ ಹೇಳಿಬಿಡು. ನನಗೆ ಅಪ್ಪನಿಗೆ ಬರೆಯುವ ಧೈರ್ಯ ಇಲ್ಲ, ನೀನೇ ಹೇಳು.

ಯಮುನಾ


ಇಚಲಕರಂಜಿ
೧೪ ಸೆಪ್ಟೆಂಬರ್ ೧೯೮೫

ಯಮುನಾಗ.

ಪದ್ಮಕುಮಾರ ನಿನ್ನ ಸಲುವಾಗಿ ಬೋರ್ಡಿನ ಕೆಲಸ ಬಿಟ್ಟ ಬೆಂಕಿ ಮುಂದ ನಿಂತಾನ. ಎರಡೂ ಸಲ ಒಂದ ಉದ್ದನ ನಳಿಗಿ ಮುರದ ಎಳದಾನ. ಮೊದಲನೇ ಕಟ್ಟಿಗೆ ಅರ್ಧಾ, ಎರಡನೇದಕ್ಕ ಉಳದ ಅರ್ಧಾ. ನನ್ನ ಕಣ್ಣ ಮುಂದ. ನಿನ್ನ ಮಾತ ನಾ ಅವಗ ಹೇಳಿಲ್ಲ, ಹೇಳೂದೂ ಇಲ್ಲ. ನಿನಗ ನೆಟ್ಟಗ ಬರಲಿಲ್ಲ ಅಂದ್ರ ಮಂದಿ ಮ್ಯಾಲ ಹಾಕಬ್ಯಾಡ.

ಸಣ್ಣಾಕಿ ಇದ್ದಾಗ ಕುರಿಮರಿ ಕಳದ್ರ ನೀ ಅತ್ತಕೋತ ಮನಿಗೆ ಬರತಿದ್ದಿಲ್ಲ. ಹುಡುಕಿ ತಗೊಂಡ ಬರತಿದ್ದಿ. ಈಗೇನಾತು?

ಅಣ್ಣಾಸಾಹೇಬರ ವಿಚಾರ ನಾ ನೋಡಕೋತೇನಿ.

ರಾಯವ್ವ


ಕೊಲ್ಹಾಪುರ
೨ ಅಕ್ಟೋಬರ್ ೧೯೮೫

ಅಕ್ಕಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ, ಈ ಹಸಿರು ಎಲ್ಲಿಗೆ ಹಾಳಾಗಿ ಹೋಗುತ್ತದೆ ನೋಡಿಯೇಬಿಡೋಣ ಅಂತ ವೈರು ತಿರುವು ಮುರುವು ಮಾಡಿ ಹಾಕಿದೆ. ಪ್ಲಸ್ ಇದ್ದಲ್ಲಿ ಮೈನಸ್, ಮೈನಸ್ ಇದ್ದಲ್ಲಿ ಪ್ಲಸ್. ದೀಪ ಈಗ ಪ್ಲಸ್ ತುದಿಯಲ್ಲಿ ಆಯಿತು. ಹಸಿರು ಬಂತು! ಬಾಣದಂತೆ ಬಂತು. ಈ ಸಲ ಬಾರದೆ ಹೋದದ್ದು ಕಿತ್ತಳೆ.

ಆಗ ತಲೆಗೆ ಹೊಳೆಯಿತು. ಬಣ್ಣಗಳು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ, ಪ್ಲಸ್ಸು ಮೈನಸ್ಸಿಗೆ, ಮೈನಸ್ಸು ಪ್ಲಸ್ಸಿಗೆ. ಎಳೆದೊಯ್ಯುವ ಹೊಳೆ ಮಾತ್ರ ನಿಂತಿದೆ. ಬಸ್ಸು ಹೊರಟೇ ಇಲ್ಲ. ಹಾಗಾದರೆ ಹಿಂದಕ್ಕೆ ನಡೆದವರು ಹಿಂದೆಯೇ ಇಳಿಯುತ್ತಾರೆ. ಹೊಳೆ ನಿಲ್ಲಬೇಕಾದರೆ ನೀರಿಗೆ ಗಾಜಿನ ಗೋಡೆ ಸಿಗಬಾರದು. ನಡುವೆ ಏನೋ ಬಳಿದಿರಬೇಕು. ಯಾರು ಬಳಿದರು, ಏನು ಬಳಿದರು ಅಂತ ಯೋಚಿಸುತ್ತ ಕೂತವಳು ಒಮ್ಮೆಲೇ ಎದ್ದು ನಿಂತೆ.

ಅಕ್ಕಾ, ನೀನು ಆ ಗಂಜಿಯ ಮಾತು ಬರೆದದ್ದು ಚೇಷ್ಟೆ ಅಲ್ಲವೇ? ನಿಜವಾಗಿ ಹಾಕಿಸಿದೆಯಾ? ಒಳಗೂ ಹೋಗಿತ್ತೇ?

ಉತ್ತರ ಬರುವವರೆಗೆ ತಡೆಯಲಾಗಲಿಲ್ಲ. ಒಂದು ಎಳೆಯಲ್ಲಿ ಬಿಸಿ ಕಾಸ್ಟಿಕ್ ಸೋಡಾ ಹಾಯಿಸಿ ಇಟ್ಟೆ. ಬಳಿದದ್ದು ಸುಲಭಕ್ಕೆ ಬಿಡಲಿಲ್ಲ. ನಿನ್ನ ಹಾಗೆಯೇ ಹಟದ್ದು. ಕೊನೆಗೆ ಬಿಟ್ಟಿತು, ಗೋಡೆ ಬತ್ತಲಾಯಿತು, ವೈರು ಮೊದಲಿನಂತೆ ಹಾಕಿದೆ, ಹೊಳೆ ಮರಳಿ ಬಂತು. ಕಿತ್ತಳೆ ಮೊದಲು, ಹಸಿರು ಆಮೇಲೆ, ಜುಲೈ ತಿಂಗಳಲ್ಲಿ ಕಂಡಂತೆಯೇ.

ಇನ್ನು ತೊಳೆಯದ ಎಳೆಯ ಮಾತು ಕೇಳು. ಮೆಸ್ಸಿನಿಂದ ಒಂದು ತತ್ತಿ ತಂದು ಅದರ ಬಿಳಿಗೆ ಹೊಳೆಯುವ ಬಣ್ಣ ಕಟ್ಟಿ, ವೈರು ಮತ್ತೆ ತಿರುವಿ ಹಾಕಿ ಒಳಗೆ ಬಿಟ್ಟೆ. ಬರಿಯ ಗಾಜಿನಲ್ಲಿ ಅಂಟಿಕೊಂಡು ರಾಡಿಯಾಗಿತ್ತಲ್ಲ, ಅದು ಎಲ್ಲಿಯೂ ಅಂಟದೆ ಬಂತು. ಪೆನ್ನು ಒಂದರ ಹಿಂದೆ ಒಂದು ಗುಡ್ಡ ಬರೆಯಿತು. ಅಂಟಿಕೊಳ್ಳಲು ಗೋಡೆ ಸಿಗಲಿಲ್ಲವಲ್ಲ! ಸರ್ ವರ್ಷಗಟ್ಟಲೆ ಬೇಡುತ್ತಿದ್ದದ್ದು ಇದೇ. ಅವರು ಮುಂದಿನ ವಾರ ಬಂದು ಎರಡನ್ನೂ ನೋಡುತ್ತಾರೆ. ನೋಡುವುದೇನು, ಕುಣಿಯುತ್ತಾರೆ.

ಆದರೆ ಅಕ್ಕಾ, ಅಣ್ಣಾಸಾಹೇಬರಿಗೆ ನಾನು ಬರುತ್ತೇನೆ ಅಂತ ಹೇಳಿಬಿಟ್ಟೆಯಾ? ಹೇಳಿದ್ದರೆ ಅಪ್ಪನ ಮಾತು, ಅವರ ಮಾತು, ಎಲ್ಲ ಸೇರಿ ನನ್ನನ್ನು ಕಟ್ಟಿಹಾಕುತ್ತವೆ. ಈಗ ಏನು ಮಾಡಲಿ? ಕಾಗದ ಕಂಡ ಕೂಡಲೇ ಬರೆ.

ಯಮುನಾ


ಇಚಲಕರಂಜಿ
೯ ಅಕ್ಟೋಬರ್ ೧೯೮೫

ಯಮುನಾಗ ಅಕ್ಕನ ಆಶೀರ್ವಾದ.

ಗಂಜಿ ಹಾಕಿಸೇನಿ ಅಂತ ಬರದ ಮ್ಯಾಲ ಹಾಕಿಸೇನಿ ಅಂತನ ಅರ್ಥ. ನಾ ಚ್ಯಾಷ್ಟಿ ಮಾಡತೇನಿ, ಸುಳ್ಳ ಹೇಳಾಂಗಿಲ್ಲ. ಅದು ಅಕ್ಕಿ ಗಂಜಿ ಅಲ್ಲ ಮತ್ತ, ಟೆರಿಕಾಟ್ ನೂಲಿಗೆ ಹಾಕೂ ಬಿಳೇ ಪುಡಿ ಬರ್ತೈತಿ ಚೀಲದಾಗ, ಪಿವಿಎ ಅಂತಾರ. ಬಿಸಿ ನೀರಾಗ ತೆಳ್ಳಗ ಕುದಿಸಿ ಎಳಿ ತುದಿ ಅದ್ದಿದೆ. ಜಗ್ಗಲಿಲ್ಲ, ಊದಲಿಲ್ಲ, ತಾನ ಸರಸರ ಒಳಗ ಏರಿತು. ಹೊರಗೂ ಒಳಗೂ ಗಟ್ಟಿ ಆತು, ಛಲೋನ ಆತು ಅಂದೆ. ತೂತ ಮುಚ್ಚಬಾರದಂತ ನಮ್ಮನಿಯವರು ಗಾಳಿ ಪೈಪ ಹಚ್ಚಿ ಊದಿದ್ರು. ಆಮ್ಯಾಲ ಡ್ರಮ್ಮಿನ ಮ್ಯಾಲ ಇಟ್ಟ ಒಣಗಿಸಿದ್ವಿ. ಅದರಿಂದ ನಿನ್ನ ಹೊಳಿ ನಿಂತಿದ್ರ ನಿಂತಿರಬೇಕು. ತತ್ತಿ ಓಡಿತಲ್ಲ, ಮತ್ತೇನ?

ಈಗ ಅಣ್ಣಾಸಾಹೇಬರ ಮಾತ. ನಿನ್ನ ಸಿಟ್ಟಿನ ಕಾಗದ ಬಂದ ಮರದಿನಾನ ಅವರು ಸೈಜಿಂಗಿಗೆ ಬಂದಿದ್ರು. ನೀ ಹೇಳಂದದ್ದನ್ನ ನಾ ಹೇಳಲಿಲ್ಲ. 'ಸಾಹೇಬ್ರ, ನಮ್ಮ ಯಮುನಾ ಬರಾಂಗಿಲ್ಲ. ಅಕಿ ಕೆಲಸ ನಡದೈತಿ, ಮುಗಿಯೂತನಕ ಏಳಾಕಿ ಅಲ್ಲ. ನಿಮ್ಮ ಜಾಗಾ ಬ್ಯಾರೆಯವರಿಗೆ ಕೊಡ್ರಿ' ಅಂದೆ. ಅವರು 'ಖರೇನ?' ಅಂದ್ರು. 'ಖರೇನ' ಅಂದೆ. ಆ ನೌಕರಿ ನೇಸರಿ ಊರಿನ ಯಾವನೋ ಹುಡುಗಗ ಕೊಟ್ಟರಂತ. ಅವ ಹಾಜರೂ ಆಗ್ಯಾನ.

ಆಮ್ಯಾಲ ಸುಳಕೂಡಕ್ಕ ಹೋಗಿ ಅಪ್ಪನ ಮುಂದ ಕುಂತ ಎಲ್ಲಾ ಹೇಳಿದೆ. ಕುರಿ ತುಪ್ಪಟ ಕತ್ತರಸಾಕತ್ತಿದ್ದ. ಆ ಕುರಿ ಬಿಟ್ಟ ಇನ್ನೊಂದ ಹಿಡಕೊಂಡು 'ನನ್ನ ಮಾತ ಮುರದಿ' ಅಂದ. 'ಹೌದು, ಮುರದೆ' ಅಂದೆ. ಊಟಾ ಹಾಕಿಸಿ ಕಳಿಸಿದ. ಬರುವಾಗ 'ಅಕಿಗೆ ಕರೆಂಟ್ ಮುಟ್ಟಬ್ಯಾಡ ಅನ್ನು' ಅಂತ ಹೇಳ್ಯಾನ. ವೋಲ್ಟಿನ ಮಾತ ಅವಗ ಯಾರ ಹೇಳಿದ್ರೋ ದೇವರಿಗೇ ಗೊತ್ತು.

ನಿನಗ ಇದನ್ನ ಮೊದಲ ಬರದಿದ್ರ ನೀ ಹೆದರತಿದ್ದಿ. ಅದಕ ಬರೀಲಿಲ್ಲ.

ರಾಯವ್ವ


ಕೊಲ್ಹಾಪುರ
೨೪ ಅಕ್ಟೋಬರ್ ೧೯೮೫

ಅಕ್ಕಾ,

ಸರ್ ನೋಡಿದರು. ತೊಳೆದ ಎಳೆ ನೋಡಿ ಹೂಂ ಅಂದರು, ತೊಳೆಯದ ಎಳೆಯಲ್ಲಿ ತತ್ತಿಯ ಗುಡ್ಡಗಳನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು. 'ಈ ಲೇಪ ಯಾರು ಮಾಡಿದ್ರು?' ಅಂದರು. 'ನಮ್ಮ ಅಕ್ಕ' ಅಂದೆ. ನಗಲಿಲ್ಲ. 'ಅವರಿಗೆ ಇನ್ನಷ್ಟು ಮಾಡಿಕೊಡಾಕ ಆಗ್ತೈತೇನ ಕೇಳ್ರಿ' ಅಂದರು. ಸೀಟು ನನ್ನದೇ, ನಾನು ಎದ್ದು ಹೋಗುವವರೆಗೂ ನನ್ನದೇ.

ಎರಡು ಕಟ್ಟು ಬೇಕು. ಒಂದಕ್ಕೆ ಗಂಜಿ ಹಾಕಿಸು, ಒಂದಕ್ಕೆ ಬೇಡ. ಹಾಕಿದ್ದಕ್ಕೆ ಕೆಂಪು ದಾರ ಕಟ್ಟು. ಪದ್ಮಕುಮಾರರಿಗೆ ನಾನೇ ಬಂದು ಕೈಮುಗಿಯುತ್ತೇನೆ. ನಾನು ಯಾಕೆ ಕೈಮುಗಿಯುತ್ತಿದ್ದೇನೆ ಅಂತ ಅವರಿಗೆ ತಿಳಿಯುವುದೂ ಇಲ್ಲ. ನೀನು ಹೇಳಿಲ್ಲವಲ್ಲ.

ನಿನ್ನ ಕಾಗದ ಓದಿ ಅತ್ತೆ. ನಾನೇ ನನ್ನನ್ನು ನಂಬದೆ ಕೂತಿದ್ದ ದಿನ ನೀನು ಗಡಹಿಂಗ್ಲಜದ ಬಾಗಿಲು ಮುಚ್ಚಿ ಬಂದೆ. ಹಸಿರು ಬಂದದ್ದು ಅದರ ಎಷ್ಟೋ ದಿನದ ಮೇಲೆ. ಒಂದು ವೇಳೆ ಬಾರದೇ ಹೋಗಿದ್ದರೆ? ಸೀಟೂ ಇಲ್ಲ, ನೌಕರಿಯೂ ಇಲ್ಲ. ಆಗ ನೀನು ಏನು ಮಾಡುತ್ತಿದ್ದೆ ಅಕ್ಕಾ?

ಯಮುನಾ


ಇಚಲಕರಂಜಿ
೩೦ ಅಕ್ಟೋಬರ್ ೧೯೮೫

ಯಮುನಾಗ ಆಶೀರ್ವಾದ.

ಎರಡೂ ಕಟ್ಟ ಕಳಿಸೇನಿ, ಕೆಂಪ ದಾರ ನೋಡಕೋ.

ಏನ ಮಾಡತಿದ್ದಿ ಅಂತ ಕೇಳ್ತಿ. ಪದ್ಮಕುಮಾರ ನಳಿಗಿ ಕಾಸತಿದ್ದ, ನಾ ಮತ್ತ ಓಣ್ಯಾಗ ಓಡತಿದ್ದೆ.

ರಾಯವ್ವ